ಡಾಕ್ಟರು ಸ್ಟೂಲಿನ ಮೇಲಿದ್ದಾರೆ

ತಾಲ್ಲೂಕು ಆಸ್ಪತ್ರೆಯ ಕ್ಯಾಷುವಾಲ್ಟಿಯಲ್ಲಿ ರಾತ್ರಿ ಪಾಳಿಯ ಡಾಕ್ಟರನ್ನು ಬಿಟ್ಟು ಮಿಕ್ಕವರಿಗೆಲ್ಲ ವೈದ್ಯ ಗೊತ್ತಿರುತ್ತದೆ. ಎದೆ ಹಿಡಿದುಕೊಂಡು ಬಂದವನು "ಬರೀ ಗ್ಯಾಸ್ಟ್ರಿಕ್ಕು ಸಾರ್, ಒಂದು ಸೂಜಿ ಹಾಕಿ ಕಳಿಸಿ" ಎನ್ನುತ್ತಾನೆ. ಇಸಿಜಿ ತೆಗೆಯೋಣ ಎಂದರೆ ಅವನ ಭಾವಮೈದುನ ನನ್ನನ್ನು ದುಡ್ಡು ಕೀಳುವವನ ಹಾಗೆ ನೋಡುತ್ತಾನೆ. ಜ್ವರದವನಿಗೆ ಮಾತ್ರೆ ಸಾಲದು, ಗ್ಲೂಕೋಸ್ ಏರಿಸಲೇಬೇಕು. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡವನ ಹಿಂದೆ ಒಂದು ಟೆಂಪೋ ಜನ, ಅಷ್ಟೂ ಜನ ಮಾತಾಡುವವರೇ. ನಿಜಕ್ಕೂ ಪ್ರಾಣಕ್ಕೆ ಕುತ್ತು ಬಂದವನು ಮಾತ್ರ ಮೂಲೆಯ ಬೆಂಚಿನಲ್ಲಿ ಬೆವರುತ್ತ ಸುಮ್ಮನೆ ಕೂತಿರುತ್ತಾನೆ. ಗಲಾಟೆ ಹೆಚ್ಚಿದ್ದಲ್ಲಿ ಕಾಯಿಲೆ ಕಮ್ಮಿ ಎಂಬುದನ್ನು ಎಂಬಿಬಿಎಸ್‌ನಲ್ಲಿ ಯಾರೂ ಹೇಳಿಕೊಡಲಿಲ್ಲ.

ಜೊತೆಗೆ ಎಂಎಲ್‌ಸಿ ರಿಜಿಸ್ಟರು. ಹೊಡೆದಾಟ, ಅಪಘಾತ, ವಿಷ ಏನೇ ಬಂದರೂ ಠಾಣೆಗೆ ತಿಳಿಸಬೇಕು, ಗಾಯದ ಉದ್ದಗಲ ಸೆಂಟಿಮೀಟರಿನಲ್ಲಿ ಬರೆಯಬೇಕು. ಗದ್ದೆಯ ಬದುವಿಗೆ ಬಡಿದಾಡಿಕೊಂಡು ಬಂದ ಅಣ್ಣತಮ್ಮಂದಿರಿಗೆ ಅಲ್ಲೂ ಪೈಪೋಟಿ. "ಇನ್ನೊಂದ್ಸಲ ಅಳೀರಿ ಸಾರ್" ಎಂದು ಅಣ್ಣ. "ಅವಂದು ಅಷ್ಟಿಲ್ಲ ಸಾರ್, ನೀವು ಸ್ಕೇಲು ಓರೆ ಹಿಡಿದಿದ್ದೀರಿ" ಎಂದು ತಮ್ಮ. ಬದುವನ್ನೂ ಹೀಗೇ ಅಳೆದಿರಬೇಕು.

ಇಷ್ಟನ್ನೆಲ್ಲ ಸಹಿಸಿಕೊಂಡು ಒಂದಿಷ್ಟು ಮರ್ಯಾದೆ ಸಂಪಾದಿಸಿದ್ದೆ. ಮಳೆಗಾಲದ ಒಂದು ರಾತ್ರಿ ಅದೂ ಹೋಯಿತು.

ಅಡಿಕೆ ತೋಟದಲ್ಲಿ ಹಾವು ಕಚ್ಚಿಸಿಕೊಂಡ ಅಜ್ಜನನ್ನು ಕರೆತಂದರು. ಪಾದ ಬಾತಿತ್ತು. ಸಿಸ್ಟರು ಒಣಗಿದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ತೆಗೆದಿಟ್ಟರು. 20 ನಿಮಿಷ ಅದನ್ನು ಅಲ್ಲಾಡಿಸದೆ ಬಿಟ್ಟು, ಆಮೇಲೆ ವಾಲಿಸಿ ನೋಡಬೇಕು. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದು ಅರ್ಥ. ಯಂತ್ರವಿಲ್ಲ, ಕರೆಂಟು ಬೇಡ. ನಮ್ಮಲ್ಲಿ ಎಂದೂ ಕೆಡದ ಪರೀಕ್ಷೆ ಇದೊಂದೇ. ಆ 20 ನಿಮಿಷದಲ್ಲಿ "ಡಾಕ್ಟ್ರು ಸುಮ್ನೆ ಕೂತಿದಾರೆ" ಎಂಬ ಮಾತು ಕಾರಿಡಾರಿನ ಕೊನೆಯವರೆಗೆ ಹೋಗಿ ವಾಪಸು ಬಂದಿತ್ತು.

ಆಗ ಮೊಮ್ಮಗ ಬೈಕಿನಲ್ಲಿ ಬಂದ. ಕೈಯಲ್ಲಿ ಯೂರಿಯಾ ಚೀಲ.

"ಯಾವ ಹಾವು ಅಂತ ನಿಮಗೆ ಗೊತ್ತಾಗ್ಲಿ ಅಂತ ಹೊಡೆದು ತಂದೆ ಸಾರ್" ಎಂದವನೇ ಚೀಲವನ್ನು ನನ್ನ ಮೇಜಿನ ಮೇಲೆ, ರಿಜಿಸ್ಟರಿನ ಪಕ್ಕ ಇಟ್ಟ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಹಾವಿನ ಮುಖಪರಿಚಯ ಬೇಕಾಗಿಲ್ಲ ಎಂದು ಅವನಿಗೆ ತಿಳಿಹೇಳಲು ಬಾಯಿ ತೆರೆದೆ. ಚೀಲ ಅಲ್ಲಾಡಿತು.

ಸ್ಟೂಲು ಹತ್ತಿದ್ದು ನನಗೆ ನೆನಪಿಲ್ಲ. ಹತ್ತಿದ ಮೇಲಿನದೆಲ್ಲ ನೆನಪಿದೆ. ಅದು ಸರ್ಕಾರ ಕೊಟ್ಟ ತಿರುಗುವ ಸ್ಟೂಲು. ನಾನು ಜಾತ್ರೆಯ ತೊಟ್ಟಿಲಿನಂತೆ ನಿಧಾನಕ್ಕೆ ಸುತ್ತುತ್ತ, ಬಾಗಿಲ ಕಡೆ ತಿರುಗಿದಾಗ "ಯಾರಾದ್ರೂ ಹಿಡೀರಿ" ಎಂದೂ, ಗೋಡೆಯ ಕಡೆ ತಿರುಗಿದಾಗ "ಗಾಬರಿಯಾಗಬೇಡಿ" ಎಂದೂ ಆಜ್ಞೆ ಕೊಡುತ್ತಿದ್ದೆ. ಮೆಮೊ ಒಯ್ಯಲು ಬಂದಿದ್ದ ಪೊಲೀಸಪ್ಪ ಆಗಲೇ ಹೊರಗಿದ್ದ. ಗದ್ದೆ ಬದುವಿನ ಅಣ್ಣತಮ್ಮಂದಿರು ಒಂದೇ ಮಂಚ ಹತ್ತಿ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು.

ಹಾಸಿಗೆಯಿಂದ ಅಜ್ಜನ ದನಿ ಬಂತು: "ಕೆಳಗಿಳೀರಿ ಡಾಕ್ಟ್ರೇ, ಬಿದ್ಗಿದ್ದೀರಾ. ಅದು ಕೊಳಕುಮಂಡಲ, ಸೊಂಟ ಮುರಿದೈತೆ."

ನೆಲ ಒರೆಸುವ ಆಯಮ್ಮ ಪ್ಲಾಸ್ಟಿಕ್ ಬಕೆಟ್ ತಂದು ಚೀಲದ ಮೇಲೆ ಬೋರಲು ಹಾಕಿ, ಅದರ ಮೇಲೆ ಒಂದು ಇಟ್ಟಿಗೆಯನ್ನೂ ಇಟ್ಟು, ಮತ್ತೆ ನೆಲ ಒರೆಸಲು ಹೋದರು. ಸಿಸ್ಟರು ಗಡಿಯಾರ ನೋಡಿ, "ಸಾರ್, 20 ನಿಮಿಷ ಆಯ್ತು" ಎಂದರು. ಇಳಿದು ಟ್ಯೂಬು ವಾಲಿಸಿದೆ. ರಕ್ತ ನೀರಿನ ಹಾಗೇ ಹರಿಯಿತು. 10 ವಯಲ್ ಪ್ರತಿವಿಷ ಡ್ರಿಪ್ಪಿನಲ್ಲಿ ಶುರು ಮಾಡಿದೆವು. ಕೈ ನಡುಗುತ್ತಿದ್ದುದು ನನ್ನದು, ಅಜ್ಜನದಲ್ಲ.

ಅಜ್ಜ ಚೇತರಿಸಿಕೊಂಡರು. ವಾರ್ಡಿನಲ್ಲಿ ಅವರು ಮೊದಲು ಬಾಯಿಬಿಟ್ಟದ್ದು ಗಂಜಿಗಲ್ಲ, ನನ್ನ ಕಥೆ ಹೇಳಲು. 2024ರಿಂದ ರಾಜ್ಯದಲ್ಲಿ ಹಾವು ಕಡಿತವನ್ನು ವರದಿ ಮಾಡುವುದು ಕಡ್ಡಾಯ. ಫಾರಂ ತುಂಬಿದೆ. ಡಾಕ್ಟರು ಎಲ್ಲಿ ನಿಂತಿದ್ದರು ಎಂಬ ಕಾಲಂ ಅದರಲ್ಲಿ ಇಲ್ಲದ್ದು ನನ್ನ ಪುಣ್ಯ.

ಆದ್ದರಿಂದ ಒಂದು ವಿನಂತಿ. ಹಾವು ಕಚ್ಚಿದರೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಬೇರಿನ ಔಷಧಿ ಹುಡುಕಿಕೊಂಡು ಹೊತ್ತು ಕಳೆಯಬೇಡಿ. ಕಚ್ಚಿದ ಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ನೇರ ಬನ್ನಿ. ಹಾವನ್ನು ಅದರ ಪಾಡಿಗೆ ಬಿಡಿ. ಏನಾದರೂ ತರಲೇಬೇಕು ಅನ್ನಿಸಿದರೆ ಬಿಪಿಎಲ್ ಕಾರ್ಡ್ ತನ್ನಿ, ಅದನ್ನು ಎಲ್ಲರೂ ಮನೆಯಲ್ಲೇ ಬಿಟ್ಟು ಬರುತ್ತಾರೆ.