ಏಳೂವರೆಯ ಕುದುರೆ

ಹದಿನಾಲ್ಕು ವರ್ಷದಿಂದ ಡೆಟ್ರಾಯಿಟ್ ಸೀಮೆಯಲ್ಲಿ ನನಗೆ ಒಂದೇ ಕೆಲಸ. ಕಾರಿನ ಸೀಟು ಹಿಂದಕ್ಕೂ ಮುಂದಕ್ಕೂ ಸರಿಯುತ್ತದಲ್ಲ, ಅದರಡಿಯ ಹಳಿ ವಿನ್ಯಾಸ ಮಾಡುವುದು. ತಿಪಟೂರಿಗೆ ಹೋದಾಗ ಯಾರಾದರೂ "ಅಮೆರಿಕದಲ್ಲಿ ಕಾರು ಮಾಡ್ತೀಯಂತೆ?" ಎಂದರೆ ಹೂಂ ಅನ್ನುತ್ತೇನೆ, ಹಳಿಯ ಸುದ್ದಿ ಎತ್ತುವುದಿಲ್ಲ. ಇಷ್ಟು ವರ್ಷ ಸೀಟಿನ ಅಡಿಯಲ್ಲೇ ಕಳೆದವನಿಗೆ ಒಮ್ಮೆ ಅದರ ಮೇಲೆ ಮೆರೆಯಬೇಕು ಅನ್ನಿಸಿದರೆ ತಪ್ಪೇ? ಅದೂ ಮಸ್ಟ್ಯಾಂಗಿನಲ್ಲಿ?

ಮಸ್ಟ್ಯಾಂಗ್ ಅಂದರೆ ಕಾಡುಕುದುರೆ. ಲಗಾಮಿಲ್ಲದೆ ಓಡುವ ಒಂದು ಕುದುರೆ ಅದರ ಮೂತಿಯ ಮೇಲೇ ಇದೆ. ಫೋರ್ಡ್ ಕಂಪನಿ 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಇದನ್ನು ಮೊದಲು ತೋರಿಸಿದಾಗ ಬೆಲೆ 2,368 ಡಾಲರ್. ಈಗ ತಯಾರಾಗುವುದು ಇಲ್ಲೇ, ಡೆಟ್ರಾಯಿಟಿನ ದಕ್ಷಿಣಕ್ಕಿರುವ ಫ್ಲಾಟ್ ರಾಕ್‌ನಲ್ಲಿ. ತಿರುಪತಿಯಲ್ಲಿ ಮನೆ ಮಾಡಿಕೊಂಡೂ ಲಡ್ಡು ತಿನ್ನದವನ ಪಾಡು ನನ್ನದು. ನಾನು ಕಣ್ಣಿಟ್ಟಿರುವುದು ಜಿಟಿ ಮೇಲೆ. ಐದು ಲೀಟರಿನ ವಿ-8 ಎಂಜಿನ್, 480 ಅಶ್ವಶಕ್ತಿ, ತೆರಿಗೆ ಸೇರಿ ಹತ್ತಿರಹತ್ತಿರ 50,000 ಡಾಲರ್.

"ಸೂರ್ಯನಿಗೇ ಏಳು ಕುದುರೆ ಸಾಕಾಗಿದೆ. ಹನ್ನೊಂದು ಮೈಲಿ ದೂರದ ಆಫೀಸಿಗೆ ಹೋಗೋಕೆ ನಿಮಗೆ ನಾನೂರೆಂಬತ್ತು ಯಾಕ್ರೀ?" ಎಂದಳು ನನ್ನಾಕೆ. ಮಾತಿಗೆ ಬೆಲೆ ಕೊಡಲೇಬೇಕು. ಏಕೆಂದರೆ ನಮ್ಮ ಸಾಲಗಳ ಎಕ್ಸೆಲ್ ಹಾಳೆ ಇರುವುದು ಅವಳ ಲ್ಯಾಪ್‌ಟಾಪಿನಲ್ಲಿ.

ಆ ಹಾಳೆಯಲ್ಲಿ ಮನೆಯ ಸಾಲವಿದೆ, ಅವಳು ಇಲ್ಲಿ ಎಂ.ಎಸ್. ಓದಿದ ಸಾಲವಿದೆ, ಸೋರುವ ಮಾಡಿಗೆ ಹೊಸ ಹೊದಿಕೆ ಹಾಕಿಸಿದ ಸಾಲವಿದೆ. ಅಪ್ಪನ ಎದೆಗೆ ಸ್ಟೆಂಟ್ ಹಾಕಿದಾಗ ರಾತ್ರೋರಾತ್ರಿ ತೆಗೆದ ನಾಲ್ಕು ವಿಮಾನದ ಟಿಕೆಟ್ಟುಗಳು ಕ್ರೆಡಿಟ್ ಕಾರ್ಡಿನ ಮೇಲೆ ಇನ್ನೂ ಹಾರಾಡುತ್ತಲೇ ಇವೆ. ಸಾಲ ತೀರಿಸಲು ಇಲ್ಲಿ ಎರಡು ಮತಗಳಿವೆ. ಚಿಕ್ಕ ಸಾಲವನ್ನು ಮೊದಲು ಮುಗಿಸಿ ಹುಮ್ಮಸ್ಸು ತಂದುಕೊಳ್ಳುವುದು ಹಿಮದುಂಡೆಯ ಮತ. ಹೆಚ್ಚು ಬಡ್ಡಿಯದನ್ನು ಮೊದಲು ಕೊಲ್ಲುವುದು ಹಿಮಕುಸಿತದ ಮತ. ಮಿಶಿಗನ್ನಿನಲ್ಲಿ ಸಾಲವನ್ನೂ ಸಲಿಕೆ ಹಿಡಿದೇ ಎತ್ತಿಹಾಕಬೇಕು. ನಾನು ಹಿಮದುಂಡೆಯವನು, ಅವಳು ಹಿಮಕುಸಿತದವಳು. ಲೆಕ್ಕದ ಪ್ರಕಾರ ಅವಳೇ ಸರಿ. ಅದನ್ನು ಮನೆಯಲ್ಲಿ ಹೇಳಿಲ್ಲ, ಇಲ್ಲಿ ಹೇಳಿದ್ದೇನೆ.

ಈ ದೇಶದ ಇನ್ನೊಂದು ವರಸೆ ನೋಡಿ. ತಿಪಟೂರಿನಲ್ಲಿ ಸಾಲಗಾರ ತಲೆ ತಗ್ಗಿಸಿಕೊಂಡು ಸಂದಿಯಲ್ಲಿ ಓಡಾಡುತ್ತಾನೆ. ಇಲ್ಲಿ ಸಾಲವೇ ಮಾಡದವನು ಅನುಮಾನದ ಮನುಷ್ಯ. ನಾನು ಬಂದ ಹೊಸದರಲ್ಲಿ ಯಾರಿಗೂ ಬಿಡಿಗಾಸು ಬಾಕಿ ಇರಲಿಲ್ಲ. ಅದೇ ಕಾರಣಕ್ಕೆ ಕ್ರೆಡಿಟ್ ಕಾರ್ಡ್ ಕೊಡಲಿಲ್ಲ. ಈಗ ಮೈತುಂಬ ಸಾಲ, ಕ್ರೆಡಿಟ್ ಸ್ಕೋರಿನಲ್ಲಿ 850ಕ್ಕೆ 790 ಅಂಕ. ಎಸ್ಸೆಲ್ಸಿಯಲ್ಲೂ ನನಗೆ ಇಂಥ ಡಿಸ್ಟಿಂಕ್ಷನ್ ಬಂದಿರಲಿಲ್ಲ.

ಮನೆಯಲ್ಲಿ ಬೆಂಬಲ ಸಿಗದೆ ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ನಿವೃತ್ತ ಗಣಿತದ ಮೇಷ್ಟ್ರು. ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಕೆಂಪಗಿದೆ" ಎಂದರು. ಆಮೇಲೆ ಕೇಳಬೇಕಾದ್ದನ್ನು ಕೇಳಿದರು: "ಲೀಟರಿಗೆ ಎಷ್ಟು ಕೊಡುತ್ತೆ?"

ಗ್ಯಾಲನ್ನಿಗೆ 18 ಮೈಲಿ. ಅದನ್ನು ನಮ್ಮ ಲೆಕ್ಕಕ್ಕೆ ತಿರುಗಿಸಲು ಹೋದದ್ದು ನನ್ನ ತಪ್ಪು. "ಏಳೂವರೆ ಕಿಲೋಮೀಟರ್, ಅಪ್ಪ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. ನೆಟ್‌ವರ್ಕ್ ಹೋಯಿತೆಂದುಕೊಂಡೆ. "ಏಳೂವರೇನಾ? ಅದು ಶನಿ ಲೆಕ್ಕ ಅಲ್ವೇನೋ!"

"ನೀವೂ ಸಾಲ ಮಾಡಿ ಚೇತಕ್ ತಗೊಂಡಿರಲಿಲ್ವಾ? ಅದೂ ಕುದುರೆ ಹೆಸರೇ ತಾನೆ?" ಎಂದೆ. ಬಜಾಜ್ ಚೇತಕ್ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಸರದಿ ಕಾಯುತ್ತಿದ್ದ ಕಾಲ ಅದು. ಅಪ್ಪ ಟೀಚರ್ಸ್ ಸೊಸೈಟಿಯಲ್ಲಿ ಸಾಲ ತೆಗೆದಿದ್ದರು. ಬೆಳಗಿನ ಚಳಿಗೆ ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಅಪ್ಪ ಅದನ್ನು ಎಡಕ್ಕೆ, ಕಂಕುಳಿಗೆ ಒರಗುವಷ್ಟು ಬಗ್ಗಿಸಿ, ಮಗುವಿಗೆ ಒಳಲೆಯಲ್ಲಿ ಹಾಲು ಕುಡಿಸುವವರ ಹಾಗೆ ಹಿಡಿದು ನಿಲ್ಲುತ್ತಿದ್ದರು. ನೆಟ್ಟಗೆ ಮಾಡಿ ಕಿಕ್ ಹೊಡೆದರೆ ಬೀದಿಯೆಲ್ಲ ನೀಲಿ ಹೊಗೆ. ರಾತ್ರಿ ಅದಕ್ಕೆ ಅಮ್ಮನ ಹಳೇ ಸೀರೆಯ ಹೊದಿಕೆ. ತಂದ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟದ್ದಷ್ಟೇ. ಹಾರ ಹಾಕಿದ್ದು ಕೊನೆಯ ಕಂತು ಮುರಿದುಕೊಂಡ ತಿಂಗಳು.

"ಆ ಕುದುರೆ ನಿಮ್ಮಮ್ಮನ್ನ, ನಿನ್ನ, ನಿನ್ನ ತಂಗೀನ, ಕಾಲ ಹತ್ರ ಒಂದು ಮೂಟೆ ತೆಂಗಿನಕಾಯಿನ ಹೊರ್ತಿತ್ತು ಕಣೋ. ಇದು ಎಷ್ಟು ಜನ ಹೊರುತ್ತೆ?"

"ನಾಲ್ಕು ಸೀಟಿದೆ. ಹಿಂದಿನ ಎರಡರಲ್ಲಿ ಕಾಲು ಇಡೋಕಾಗಲ್ಲ."

"ಮತ್ತೆ ಕಾಲು ಎಲ್ಲಿಡ್ತಾರೆ?" ಮೇಷ್ಟ್ರ ಪ್ರಶ್ನೆ. ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಮುಂದಿನ ಶನಿವಾರ. ಆರು ತಿಂಗಳಿಗೆಂದು ಬಂದಿದ್ದ ಅತ್ತೆಯವರನ್ನು ಅಕ್ಕಿ ತರುವ ನೆಪದಲ್ಲಿ ಹೊರಡಿಸಿಕೊಂಡು, ಇಂಡಿಯನ್ ಅಂಗಡಿಗೆ ತಿರುಗುವ ಬದಲು ಕಾರಿನ ಶೋರೂಮಿಗೆ ತಿರುಗಿದೆ. ಟೆಸ್ಟ್ ಡ್ರೈವಿಗೆ ಕಾರು ಬಂದು ನಿಂತಿತು. ನಾನು ಏನಾದರೂ ಹೇಳುವ ಮೊದಲೇ ಅತ್ತೆ ಮುಂದಿನ ಬಾಗಿಲು ತೆಗೆಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಧೊಪ್ಪನೆ ಕೂತರು. "ಮಣೆ ಮೇಲೆ ಕೂತ ಹಾಗಿದೆಯಲ್ಲಪ್ಪ. ಎಲೆ ಹಾಕಿ ಬಡಿಸೋದೊಂದು ಬಾಕಿ." ಜೊತೆಗೆ ಬರಲೇಬೇಕಾದ ಸೇಲ್ಸಿನ ಹುಡುಗ ಆರಡಿ ಮೂರಂಗುಲದ ಆಳು. ಬೇರೆ ದಾರಿಯಿಲ್ಲದೆ ಹಿಂದಕ್ಕೆ ತೂರಿಕೊಂಡ. ಕನ್ನಡಿಯಲ್ಲಿ ನೋಡಿದರೆ ಮೊಣಕಾಲು ಕಿವಿಯ ಪಕ್ಕ, ಗದ್ದ ಎದೆಗೆ. ಹೊಟ್ಟೆಯೊಳಗಿನ ಕೂಸು ಟೈ ಕಟ್ಟಿಕೊಂಡಂತಿದ್ದ. ಕಾಲು ಎಲ್ಲಿಡುತ್ತಾರೆಂದು ತಿಳಿಯಿತು. ಪಾಪ ಅನ್ನಿಸಿ ನನ್ನ ಸೀಟನ್ನು ಮುಂದಕ್ಕೆ ಸರಿಸಿದೆ. ಹಳಿ ಬೆಣ್ಣೆಯಂತೆ ಜಾರಿತು. ನಮ್ಮ ಕಂಪನಿಯದಲ್ಲ.

ಎಂಜಿನ್ ಗುಡುಗಿದಾಗ ನನ್ನ ಬೆನ್ನುಹುರಿಯಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ಎದ್ದು ಕೂತ. ಅತ್ತೆ, "ಸೈಲೆನ್ಸರ್ ತೂತಾಗಿರಬೇಕು, ಮೊದಲೇ ಹೇಳಿ ರಿಪೇರಿ ಮಾಡಿಸ್ಕೊಳ್ಳಿ" ಎಂದರು.

ಇಳಿಯುವುದು ಬೇರೆಯೇ ಅಧ್ಯಾಯ. ಸೀಟು ಅಷ್ಟು ತಗ್ಗು, ನೆರಿಗೆ ಕಾಲಡಿಗೆ ಸಿಕ್ಕಿದೆ, ಅತ್ತೆಯ ಮಂಡಿ ಎರಡು ಚಳಿಗಾಲದಿಂದ ಮುಷ್ಕರದಲ್ಲಿದೆ. ಒಂದು ಕೈ ನಾನು ಹಿಡಿದೆ, ಇನ್ನೊಂದು ಸೇಲ್ಸಿನವನು. "ನಾರಾಯಣಾ" ಎಂದು ಎದ್ದರು, ಮತ್ತೆ ಕೂತರು. ಎರಡನೇ ಸಲಕ್ಕೆ ಎಳೆಯುವವರು ಕೂಗಬೇಕಾದ ಹುಕುಂ ಇದೇ ಎಂದುಕೊಂಡು ಆ ಹುಡುಗನೂ ಗಟ್ಟಿಯಾಗಿ "ನಾರಾಯನಾ" ಎಂದ. ಆಗ ಬಂದರು.

ಒಳಗೆ ಕೂರಿಸಿ ಕಾಫಿ ಕೊಟ್ಟು ಲೆಕ್ಕ ತೋರಿಸಿದ. ಮುಂಗಡ ಏನೂ ಬೇಡ, ಬಡ್ಡಿ ಶೇಕಡಾ 7, ತಿಂಗಳಿಗೆ 755 ಡಾಲರ್, 84 ಕಂತು. ಮನೆಗೆ ಬಂದು ಚೀಟಿಯನ್ನು ನನ್ನಾಕೆಯ ಮುಂದಿಟ್ಟೆ. ಅವಳು ಎರಡು ಸಂಖ್ಯೆ ಒತ್ತಿ, ಬಡ್ಡಿಯೇ 13,000 ಡಾಲರ್ ದಾಟುತ್ತದೆ ಎಂದಳು. ಆಮೇಲೆ ಬೆರಳು ಮಡಚಿದಳು. "ಎಂಬತ್ತನಾಲ್ಕು ತಿಂಗಳು ಅಂದ್ರೆ ಏಳು ವರ್ಷ. ಶನಿಗಿಂತ ಆರು ತಿಂಗಳು ಕಡಿಮೆ, ಪರವಾಗಿಲ್ಲ." ಚಳಿಗಾಲದ್ದನ್ನೂ ಅವಳೇ ನೆನಪಿಸಿದಳು. ಈ ಊರ ನೆಲದಡಿಯಲ್ಲೇ ಉಪ್ಪಿನ ಗಣಿ ಇದೆ. ಹಿಮ ಬಿದ್ದರೆ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ, ಉಪ್ಪು ಕಾರಿನ ತಳ ತಿನ್ನುತ್ತದೆ. ಹಿಂದಿನ ಚಕ್ರದ ಬಲದಲ್ಲಿ ಓಡುವ ಕುದುರೆ ಹಿಮದಲ್ಲಿ ಜಾರುತ್ತದೆ ಬೇರೆ. ಹಾಗಾಗಿ ವರ್ಷದಲ್ಲಿ ಐದು ತಿಂಗಳು ಅದನ್ನು ಉಪ್ಪಿನಕಾಯಿ ಜಾಡಿಯ ಹಾಗೆ ಬಟ್ಟೆ ಕಟ್ಟಿ ಗರಾಜಿನಲ್ಲಿಟ್ಟು, ಕಂತನ್ನು ಮಾತ್ರ ಬಟ್ಟೆ ಕಟ್ಟದೆ ಕೊಡುತ್ತಿರಬೇಕು.

ಆಗಸ್ಟಿನ ಮೂರನೇ ಶನಿವಾರ ಎಲ್ಲರನ್ನೂ ವುಡ್‌ವರ್ಡ್ ಅವೆನ್ಯೂಗೆ ಕರೆದುಕೊಂಡು ಹೋದೆ. 1995ರಿಂದ ಅಲ್ಲಿ ಹಳೇ ಕಾರುಗಳ ಮೆರವಣಿಗೆ ನಡೆಯುತ್ತದೆ. ಜನ ಬೆಳಗ್ಗೆಯೇ ಮಡಚುವ ಕುರ್ಚಿ ತಂದು, ತೇರು ಬರುವ ಬೀದಿಯಲ್ಲಿ ಜಾಗ ಹಿಡಿದ ಹಾಗೆ ಕೂತಿರುತ್ತಾರೆ. ಅತ್ತೆಯವರು ಚಿತ್ರಾನ್ನದ ಡಬ್ಬಿ ತೆಗೆದರು. ಅರವತ್ತರ ದಶಕದ ಮಸ್ಟ್ಯಾಂಗುಗಳು ಒಂದರ ಹಿಂದೆ ಒಂದು ಬಂದವು. ನನಗೆ ಬಾಯಿಗೆ ಹೋದ ತುತ್ತಿನ ಮೇಲೆ ಗಮನವಿಲ್ಲ.

"ಕಾರು ನೋಡಿದ್ದು ಸಾಕು, ಒಳಗಿರೋರನ್ನ ನೋಡ್ರೀ" ಎಂದಳು ನನ್ನಾಕೆ. ನೋಡಿದೆ. ಒಬ್ಬೊಬ್ಬನೂ ಎಪ್ಪತ್ತರ ಆಸುಪಾಸು. ಬಿಳಿ ಗಡ್ಡ, ಕಿವಿಯಲ್ಲಿ ಯಂತ್ರ, ಪಕ್ಕದಲ್ಲಿ ಕೈ ಬೀಸುವ ಅಜ್ಜಿ. "ಎಲ್ಲಾ ಸಾಲ ತೀರಿಸಿ ಬಂದಿದಾರೆ. ನಿಮಗಿನ್ನೂ ಮೂವತ್ತು ವರ್ಷ ಟೈಮಿದೆ." ಅಂದು ರಾತ್ರಿಯೇ ಎಕ್ಸೆಲ್ಲಿನಲ್ಲಿ ಕಟ್ಟಕಡೆಯ ಸಾಲಾಗಿ 'ಕುದುರೆ' ಎಂದು ಸೇರಿಸಿದಳು. ತಿಂಗಳಿಗೆ 50 ಡಾಲರ್ ಉಳಿತಾಯ. ಆ ದರದಲ್ಲಿ ಇವತ್ತಿನ ಬೆಲೆ ಮುಟ್ಟಲು ಎಂಬತ್ತಮೂರು ವರ್ಷ ಬೇಕು. ಅವಳು ಲೆಕ್ಕದಲ್ಲಿ ತಪ್ಪುವವಳಲ್ಲ.

ಸೇಲ್ಸಿನ ಹುಡುಗ ನನ್ನನ್ನು ಬಿಟ್ಟಿಲ್ಲ. ಶನಿವಾರ ಸಂಜೆ ಅತ್ತೆಯವರು ಎಳ್ಳೆಣ್ಣೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅವನ ಫೋನು. ದೇವರ ಕೋಣೆಯಿಂದಲೇ ಅತ್ತೆ, "ಅವನೇ ಇರಬೇಕು, ಎತ್ತಬೇಡಿ" ಎನ್ನುತ್ತಾರೆ. ನಾನು ಎತ್ತುವುದಿಲ್ಲ. ಅದು ಬಡಿದುಕೊಂಡು ಬಡಿದುಕೊಂಡು ತಾನಾಗಿ ನಿಲ್ಲುತ್ತದೆ. ನಂಬರನ್ನು ಮಾತ್ರ ಇನ್ನೂ ಬ್ಲಾಕ್ ಮಾಡಿಲ್ಲ.