ಕೊಟ್ಟಿಗೆ ಹಿಂದಿನ ವಿಮಾನದ ಮಾಲೀಕರಿಗೊಂದು ಬಹಿರಂಗ ಪತ್ರ

ಕೆನಡಾದ ಮ್ಯಾನಿಟೋಬಾ, ಸಸ್ಕಾಚೆವಾನ್, ಆಲ್ಬರ್ಟಾ ಸೀಮೆಯ ಗೋಧಿ ರೈತ ಮಹಾಶಯರೇ,

ಎರಡನೇ ಮಹಾಯುದ್ಧ ಮುಗಿದ ಮೇಲೆ ಸರ್ಕಾರ ಮಾರಿದ ಆವ್ರೋ ಆನ್ಸನ್ ತರಬೇತಿ ವಿಮಾನಗಳನ್ನು ನಿಮ್ಮ ಅಜ್ಜಂದಿರು ಗುಜರಿ ಬೆಲೆಗೆ ಕೊಂಡು ಹೊಲಕ್ಕೆ ಎಳೆದು ತಂದರಲ್ಲ, ಅದಕ್ಕೆ ಸಲ್ಲಬೇಕಾದ ಅಭಿನಂದನೆ ಇನ್ನೂ ಬಾಕಿ ಇದೆ. ಅವರಿಗೆ ಇತಿಹಾಸ ಬೇಕಿರಲಿಲ್ಲ. ನಟ್ಟು, ಬೋಲ್ಟು, ವೈರು, ಚಕ್ರ, ಟ್ಯಾಂಕಿನ ತಳದಲ್ಲಿ ಉಳಿದ ಪೆಟ್ರೋಲು ಬೇಕಿತ್ತು. ಬಿಚ್ಚಿಕೊಳ್ಳುವಷ್ಟು ಬಿಚ್ಚಿಕೊಂಡು ಮಿಕ್ಕಿದ್ದನ್ನು ಕೊಟ್ಟಿಗೆಯ ಹಿಂದೆ ಬಿಸಾಕಿ ಮರೆತರು. ಸರ್ಕಾರವಾದರೋ ಅಚ್ಚುಕಟ್ಟಿನದು, ಕುಲುಮೆಗೆ ಹಾಕಿ ಕಡತ ಮುಚ್ಚುತ್ತಿತ್ತು. ಪುರಾತತ್ವ ಇಲಾಖೆ ಮಾಡಬೇಕಾದ ಕೆಲಸವನ್ನು ನಿಮ್ಮ ಮನೆತನದ ಸೋಮಾರಿತನ ಸಂಬಳವಿಲ್ಲದೆ ಮಾಡಿತು.

ಪಾಪ, ಆನ್ಸನ್‌ಗೆ ಹೆಸರಿಟ್ಟವರೂ ತಮಾಷೆಗಾರರೇ. ಅಡ್ಮಿರಲ್ ಜಾರ್ಜ್ ಆನ್ಸನ್ 1741ರಲ್ಲಿ ಹುವಾನ್ ಫೆರ್ನಾಂಡಿಸ್ ದ್ವೀಪ ಹುಡುಕುತ್ತ, ರೇಖಾಂಶ ತಿಳಿಯದೆ, ಪೂರ್ವಕ್ಕೆ ಚಿಲಿಯ ಕರಾವಳಿವರೆಗೆ ಹೋಗಿ ಮತ್ತೆ ಪಶ್ಚಿಮಕ್ಕೆ ತಿರುಗಿದಾತ. ಅಷ್ಟರಲ್ಲಿ ಅವನ ನಾವಿಕರು ಸ್ಕರ್ವಿ ರೋಗದಿಂದ ಸಾಯುತ್ತಿದ್ದರು. ದಾರಿ ಕಲಿಸುವ ವಿಮಾನಕ್ಕೆ ದಾರಿ ತಪ್ಪಿದವನ ಹೆಸರು!

ಒಳಗೆ ಇದ್ದದ್ದೇನು? ಒಂದು ಮೇಜು, ನಕ್ಷೆ, ಪೆನ್ಸಿಲ್ಲು, ನ್ಯಾವಿಗೇಟರ್ ಕೆಲಸ ಕಲಿಯಲು ಬಂದು ಚಳಿಗೆ ಬೆರಳು ಮರಗಟ್ಟಿದ ಹುಡುಗ. ಎಷ್ಟು ಹೊತ್ತು ಹಾರಿದೆವು, ಗಾಳಿ ಎತ್ತ ತಳ್ಳಿತು ಎಂದು ಲೆಕ್ಕ ಹಾಕಿ, ರಾತ್ರಿ ಸೆಕ್ಸ್‌ಟಂಟ್ ಹಿಡಿದು ನಕ್ಷತ್ರದ ಎತ್ತರ ಅಳೆದು, ತಾನೆಲ್ಲಿದ್ದೇನೆಂದು ನಕ್ಷೆಯ ಮೇಲೆ ಗುರುತು ಹಾಕಬೇಕು. ಮೊದಲ ಮಾದರಿಯಲ್ಲಿ ಚಕ್ರ ಮೇಲೆತ್ತಲು ಹಿಡಿಕೆಯನ್ನು 140ಕ್ಕೂ ಹೆಚ್ಚು ಸುತ್ತು ಕೈಯಲ್ಲೇ ತಿರುಗಿಸಬೇಕಿತ್ತು. ಕಲಿಯಲು ಬಂದವನಿಗೆ ಆ ಭಾಗ್ಯವೂ ಉಂಟು. 1939ರ ಡಿಸೆಂಬರ್‌ನಲ್ಲಿ ಒಪ್ಪಂದವಾದ ಕಾಮನ್‌ವೆಲ್ತ್ ವಾಯು ತರಬೇತಿ ಯೋಜನೆಯಡಿ ನಿಮ್ಮ ದೇಶದಲ್ಲಿ ತಯಾರಾದ ಪೈಲಟ್, ನ್ಯಾವಿಗೇಟರ್, ಗನ್ನರ್‌ಗಳೆಲ್ಲ ಸೇರಿ 1,31,000ಕ್ಕೂ ಹೆಚ್ಚು.

ಇದೆಲ್ಲ ಅಗತ್ಯವಿತ್ತೇ ಎಂದು ಕೇಳುವವರಿಗೆ 1941ರ ಬಟ್ ವರದಿ ತೋರಿಸಿ. ಗುರಿಯ ಮೇಲೆ ದಾಳಿ ಮಾಡಿದೆವು ಎಂದು ಬರೆಸಿದ ಬ್ರಿಟಿಷ್ ಬಾಂಬರ್‌ಗಳಲ್ಲಿ, ತೆಗೆದ ಫೋಟೋಗಳ ಪ್ರಕಾರ, ಗುರಿಯ ಐದು ಮೈಲಿಯೊಳಗೆ ಹೋದದ್ದು ಮೂರಕ್ಕೆ ಒಂದು. ಜರ್ಮನಿಯ ರೂರ್ ಕಣಿವೆಯಲ್ಲಿ ಹತ್ತಕ್ಕೆ ಒಂದು. ಮಿಕ್ಕವು ಜರ್ಮನಿಯ ಹೊಲಗಳನ್ನು ಉತ್ತು ಬಂದವು. ಅಷ್ಟು ದುಬಾರಿ ಉಳುಮೆ ರೈತರಾದ ನೀವೂ ಕಂಡಿರಲಾರಿರಿ.

ಆದರೂ ಮ್ಯೂಸಿಯಂಗೆ ಬಂದವರೆಲ್ಲ ಸ್ಪಿಟ್‌ಫೈರ್ ಯುದ್ಧವಿಮಾನದ ಮುಂದೆಯೇ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸರಿಯೇ, ನಮ್ಮಲ್ಲೂ ಶತಕ ಹೊಡೆದವನಿಗೆ ಕಟೌಟು, ಸ್ಕೋರು ಬರೆದವನಿಗೆ ಚಹಾ. ಆನ್ಸನ್ ಪಕ್ಕ ನಿಂತರೆ ಹಿನ್ನೆಲೆಯಲ್ಲಿ ಮೇಜು ಬೀಳುತ್ತದೆ, ಮೀಸೆ ತಿರುವಲು ಅವಕಾಶವಿಲ್ಲ. ಮೇಲಾಗಿ ಅದರ ಮೈ ಬಟ್ಟೆ, ಮರ, ಪ್ಲೈವುಡ್ಡಿನದು. ಮಳೆ ಹಿಮಕ್ಕೆ ಕೊಳೆಯುತ್ತದೆ, ಉಳಿಸಿಕೊಳ್ಳಲು ದುಡ್ಡು ಬೇಕು. ವೀರರ ಬಗ್ಗೆ ಭಾಷಣವಾದರೆ ಪುಕ್ಕಟೆ.

ಮ್ಯಾನಿಟೋಬಾದ ಬ್ರಾಂಡನ್‌ನಲ್ಲಿ ಆ ತರಬೇತಿ ಯೋಜನೆಗೆಂದೇ ಒಂದು ಮ್ಯೂಸಿಯಂ ಇದೆ. ದಯವಿಟ್ಟು ನಿಮ್ಮ ಕೊಟ್ಟಿಗೆಯ ಹಿಂದೆ ಒಮ್ಮೆ ಹೋಗಿ ನೋಡಿ, ಇರುವುದನ್ನು ಅವರಿಗೆ ತಿಳಿಸಿ. ಅಜ್ಜ ಬಿಚ್ಚಿದ ಬೋಲ್ಟು ಇನ್ನೂ ಯಾವುದಾದರೂ ಟ್ರ್ಯಾಕ್ಟರಿನಲ್ಲಿದ್ದರೆ, ಬದಲಿಗೆ ಹೊಸದು ಹಾಕಿಕೊಂಡು, ಅದನ್ನೂ ಕೊಟ್ಟುಬಿಡಿ.

ಇಂತಿ,
ನಿಮ್ಮ ಸೋಮಾರಿತನದ ಅಭಿಮಾನಿ