ತೃಣಮೀಮಾಂಸೆ: ರಸ್ತೆಬದಿಯ ಕಳೆ ಮತ್ತು ಸಾರ್ವಜನಿಕ ಅಭಿಪ್ರಾಯ ಕುರಿತು ಒಂದು ಶಾಸ್ತ್ರೀಯ ಅಧ್ಯಯನ

೧. ವಿಷಯ ಪ್ರವೇಶ

ಮನೆಯ ಬೇಲಿಗೂ ರಸ್ತೆಗೂ ನಡುವಿನ ಹುಲ್ಲಿನ ಪಟ್ಟಿ ಯಾರ ಪಾಲಿನದು ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಾಚಾರ್ಯರು ಎತ್ತಿಕೊಳ್ಳಲೇ ಇಲ್ಲ. ಅವರ ಕಾಲದಲ್ಲಿ ಹಸುಗಳಿದ್ದವು, ಪ್ರಶ್ನೆ ಉಳಿಯುತ್ತಿರಲಿಲ್ಲ. ನ್ಯೂಜಿಲೆಂಡಿನಲ್ಲಿ ಈ ಪಟ್ಟಿಗೆ ಬರ್ಮ್ ಎಂದು ಹೆಸರು. ನೆಲ ರಸ್ತೆಗೆ ಸೇರಿದ್ದು. ಹುಲ್ಲು ಕತ್ತರಿಸುವುದು ಎದುರಿನ ಮನೆಯವರ ಕೆಲಸ. ಅದರಾಚೆ ಚರಂಡಿಯ ಅಂಚಿನಲ್ಲಿ ಹುಟ್ಟುವ ಕಳೆ ಕೌನ್ಸಿಲಿನ ತಲೆನೋವು. ಆಕ್ಲೆಂಡಿನ ಹಳೆಯ ನಗರ ಭಾಗದಲ್ಲಿ ಹುಲ್ಲನ್ನೂ ಕೌನ್ಸಿಲೇ ಕತ್ತರಿಸುತ್ತಿತ್ತು. 2013ರಲ್ಲಿ ಅದು ಕೈ ಎತ್ತಿದಾಗ ನಾಗರಿಕರು ಮೂರು ಪಂಥಗಳಾಗಿ ಒಡೆದರು. ಕೆಲವರು ಗೊಣಗುತ್ತಲೇ ಯಂತ್ರ ಹೊರತೆಗೆದರು, ಕೆಲವರು ಪ್ರತಿಭಟನೆಯೆಂದು ಹುಲ್ಲನ್ನು ಬೆಳೆಯಲು ಬಿಟ್ಟರು, ಇನ್ನು ಕೆಲವರು ಅಲ್ಲೇ ತರಕಾರಿ ಹಾಕಿದರು.

ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ಊರಿಗೆ ವಿಷ ಬೇಡ, ಕಳೆ ಬೇಡ, ಮನೆ ತೆರಿಗೆ ಏರುವುದೂ ಬೇಡ. ಈ ಮೂರು ಬೇಡಗಳಲ್ಲಿ ಒಂದು ಸಲಕ್ಕೆ ಎರಡನ್ನಷ್ಟೇ ನಡೆಸಿಕೊಡಬಹುದು. ಯಾವುದನ್ನು ಬಿಡುತ್ತೀರಿ ಎಂದು ಕೇಳದೆ ಮೂರನ್ನೂ ಗೌರವದಿಂದ ಬರೆದುಕೊಳ್ಳುವ ಕ್ರಿಯಾವಿಧಿಗೆ ಸಾರ್ವಜನಿಕ ಅಭಿಪ್ರಾಯ ಸಂಗ್ರಹ ಎನ್ನುತ್ತಾರೆ.

೨. ಕಳೆಯ ಲಕ್ಷಣ

ಶಾಸ್ತ್ರವೆಂದ ಮೇಲೆ ಲಕ್ಷಣ ಹೇಳದೆ ಮುಂದೆ ಹೋಗುವಂತಿಲ್ಲ. ‘ಬೇಡದ ಜಾಗದಲ್ಲಿ ಇರುವುದೇ ಕಳೆ’ ಎಂದರೆ ಅತಿವ್ಯಾಪ್ತಿ ದೋಷ ತಗಲುತ್ತದೆ. ಪಕ್ಕದ ಮನೆಯವರು ಬರ್ಮ್ ಮೇಲೆ ನಿಲ್ಲಿಸಿದ ದೋಣಿಯೂ ಕಳೆಯಾಗುತ್ತದೆ. ‘ಹೊರದೇಶದಿಂದ ಬಂದದ್ದು ಕಳೆ’ ಎಂದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಲಾನಿನ ರೈಗ್ರಾಸ್ ಯೂರೋಪಿನದು, ಆಕ್ಲೆಂಡಿನ ಲಾನುಗಳನ್ನು ಆಕ್ರಮಿಸಿದ ಕಿಕುಯು ಹುಲ್ಲು ಪೂರ್ವ ಆಫ್ರಿಕದ್ದು. ಈ ಲಕ್ಷಣ ಒಪ್ಪಿದರೆ ಲಾನನ್ನೇ ಕಿತ್ತು ಹಾಕಬೇಕು.

‘ತಿನ್ನಲಾಗದ್ದು ಕಳೆ’ ಎಂಬ ಮೂರನೆಯ ಲಕ್ಷಣವನ್ನು ಮಾವೊರಿ ಅಡುಗೆಮನೆ ಖಂಡಿಸುತ್ತದೆ. ಪೂಹಾ ಎಂಬ ಸೊಪ್ಪು ರಸ್ತೆಬದಿಯಲ್ಲಿ ಕೌನ್ಸಿಲಿನ ಪಾಲಿಗೆ ಕಳೆ, ಹಂದಿಮಾಂಸದ ಮೂಳೆಯ ಜೊತೆ ಬೇಯುವಾಗ ಊಟ. ನಮ್ಮ ಬಯಲುಸೀಮೆಯಲ್ಲಿ ಹೊಲದ ಬದುವಿನ ಬೆರಕೆ ಸೊಪ್ಪನ್ನು ಕಿತ್ತು ಮಸ್ಸೊಪ್ಪು ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೀಳುವವರ ಕಷ್ಟವೂ ಎರಡೂ ಕಡೆ ಒಂದೇ: ಔಷಧಿ ಹೊಡೆದ ದಿನ ಸೊಪ್ಪು ಬಾಡುವುದಿಲ್ಲ. ಗ್ಲೈಫೋಸೇಟ್ ಎಂಬ ಕಳೆನಾಶಕ ಬಿದ್ದ ಗಿಡ ಹಳದಿಯಾಗಲು ಹಲವು ದಿನ ಬೇಕು. ಅಲ್ಲಿಯವರೆಗೆ ಅದು ಹಸಿರಾಗಿ, ಎಳೆಯದಾಗಿ, ಕೀಳಲು ಯೋಗ್ಯವಾಗಿಯೇ ಕಾಣುತ್ತದೆ.

ಈ ಅಧ್ಯಾಯದಲ್ಲಿ ಒನೆಹಂಗ ಕಳೆಗೆ ವಿಶೇಷ ಸ್ಥಾನ. ದಕ್ಷಿಣ ಅಮೆರಿಕದ ಈ ಪುಟ್ಟ ಮುಳ್ಳಿನ ಸಸ್ಯಕ್ಕೆ ಆಕ್ಲೆಂಡಿನ ಬಡಾವಣೆಯೊಂದರ ಹೆಸರು ಅಂಟಿಕೊಂಡಿದೆ. ಬೇಸಿಗೆ ಬರುವಷ್ಟರಲ್ಲಿ ಅದರ ಬೀಜ ಮುಳ್ಳಾಗಿ ಬಲಿಯುತ್ತದೆ. ಸೂಪರ್‌ಮಾರ್ಕೆಟ್ಟಿಗೂ ಬರಿಗಾಲಲ್ಲಿ ಹೋಗುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ವಿಷಕ್ಕೆ ವಿರೋಧವಾಗಿ ಬರೆಯುವ ತಾಯಿಯೂ ವಿಷ ಬೇಕೆಂದು ಬರೆಯುವ ತಂದೆಯೂ ಒಂದೇ ಮಗುವಿನ ಅಂಗಾಲನ್ನು ಸಾಕ್ಷಿಗೆ ಕರೆಯುತ್ತಾರೆ.

೩. ಮತಭೇದಗಳು

ಮೊದಲನೆಯದು ಗ್ಲೈಫೋಸೇಟ್ ಮತ. 1974ರಲ್ಲಿ ರೌಂಡಪ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಈ ದ್ರವ ಎಲೆಯ ಮೂಲಕ ಒಳಹೊಕ್ಕು ಬೇರಿಗಿಳಿಯುತ್ತದೆ. ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಲು ಸಸ್ಯಕ್ಕೆ ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವ ಪ್ರಾಣಿಗಳಲ್ಲಿ ಇಲ್ಲ. ‘ಆದ್ದರಿಂದ ನಮಗೇನೂ ಆಗದು’ ಎಂದು ಈ ಮತದವರ ಅನುಮಾನ. ಕಿಣ್ವವೊಂದೇ ದೇಹವಲ್ಲ ಎಂದು ಎದುರಾಳಿಗಳ ಆಕ್ಷೇಪ. ಅಗ್ಗ, ಬೇಗ, ಒಬ್ಬನೇ ಸಾಕು ಎಂಬುದು ಲೆಕ್ಕಪತ್ರ ವಿಭಾಗದ ಭಾಷ್ಯ.

ಎರಡನೆಯದು ಉಷ್ಣೋದಕ ಮತ. ಲಾರಿಯೊಂದರಲ್ಲಿ ನೀರಿನ ಟ್ಯಾಂಕು, ಪಕ್ಕದಲ್ಲಿ ಡೀಸೆಲ್ ಒಲೆ, ಕೊನೆಯಲ್ಲಿ ಉದ್ದನೆಯ ಕೊಳವೆ. ಕುದಿನೀರು ಬಿದ್ದ ಎಲೆ ತಕ್ಷಣ ಬೇಯುತ್ತದೆ. ಆದರೆ ಡ್ಯಾಂಡೆಲಿಯನ್ನಿನ ತಾಯಿಬೇರು ಆಳದಲ್ಲಿ ತಣ್ಣಗಿದ್ದು, ಮತ್ತೆ ಚಿಗುರುತ್ತದೆ. ಲಾರಿ ಮತ್ತೆ ಬರಬೇಕು, ಡೀಸೆಲ್ ಮತ್ತೆ ಉರಿಯಬೇಕು. ಹವಾಮಾನ ತುರ್ತುಪರಿಸ್ಥಿತಿ ಘೋಷಿಸಿರುವ ಕೌನ್ಸಿಲಿಗೆ ಇದು ಧರ್ಮಸಂಕಟ. ಸಸ್ಯಜನ್ಯ ಎಣ್ಣೆಯ ಸಿಂಪಡಣೆ ಇದರ ಉಪಶಾಖೆ. ಅದೂ ಎಲೆಯನ್ನು ಸುಟ್ಟು ಬೇರಿಗೆ ಅಭಯ ಕೊಡುತ್ತದೆ.

ಮೂರನೆಯದು ಹಸ್ತ ಮತ, ಅಂದರೆ ಬಗ್ಗಿ ಕೀಳುವುದು. ಇದಕ್ಕೆ ಸಭೆಯಲ್ಲಿ ಸಿಗುವಷ್ಟು ಬೆಂಬಲ ಬೇರೆ ಯಾವ ಮತಕ್ಕೂ ಸಿಗದು. ಬೆನ್ನುಗಳು ಮಾತ್ರ ಕಡಿಮೆ. ಈ ಕೊರತೆಗೆ ಪರಿಹಾರವಾಗಿ ‘ಸಿಂಪಡಿಸಬೇಡಿ’ ಪಟ್ಟಿ ಹುಟ್ಟಿತು: ಮನೆಯ ಮುಂದಿನ ಕಳೆಯನ್ನು ತಾನೇ ಕೀಳುತ್ತೇನೆಂದು ಬರೆದುಕೊಟ್ಟವರ ಮುಂದೆ ಸಿಂಪಡಿಸುವ ಗಾಡಿ ಕೊಳವೆ ಮುಚ್ಚಿಕೊಂಡು ಹೋಗುತ್ತದೆ. ಮಾತಿಗೆ ತಪ್ಪಿ ಕಳೆ ಎದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಪಟ್ಟಿಯಲ್ಲಿದ್ದವರ ಮನೆ ದಾಟಿದ ಕೂಡಲೇ ದೀಪದ ಕಂಬದ ಬುಡದಲ್ಲಿ ಸತ್ತ ಹುಲ್ಲಿನ ಹಳದಿ ಬಳೆ ಕಾಣಿಸಿಕೊಳ್ಳುತ್ತದೆ. ಸಿದ್ಧಾಂತಗಳ ಗಡಿಯನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿದ ಊರು ವಿರಳ.

೪. ಪ್ರಮಾಣ ವಿಚಾರ

2015ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗ್ಲೈಫೋಸೇಟನ್ನು 2ಎ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದ್ದು ಎಂದರ್ಥ. 2016ರ ಆಗಸ್ಟಿನಲ್ಲಿ ನ್ಯೂಜಿಲೆಂಡಿನ ಪರಿಸರ ಸಂರಕ್ಷಣಾ ಪ್ರಾಧಿಕಾರ ತಾನು ಬರೆಸಿದ ವರದಿಯನ್ನು ಹೊರತಂದಿತು. ಕ್ಯಾನ್ಸರ್ ತರುವ ಸಂಭವ ಕಡಿಮೆ ಎಂದು ಅದರ ತೀರ್ಮಾನ. ಒಂದು ಪ್ರಮಾಣ ಅಪಾಯ ಇದೆಯೇ ಎಂದು ಕೇಳಿದರೆ, ಇನ್ನೊಂದು ಬಳಸುವ ಪ್ರಮಾಣದಲ್ಲಿ ಅಪಾಯ ಎಷ್ಟು ಎಂದು ಕೇಳುತ್ತದೆ. ಎರಡು ಪ್ರಶ್ನೆಗಳಿಗೆ ಬಂದ ಎರಡು ಉತ್ತರಗಳನ್ನು ಒಂದೇ ಪ್ರಶ್ನೆಯ ಉತ್ತರಗಳೆಂದು ಹಿಡಿದುಕೊಂಡು ಸಭೆಗಳು ಬಡಿದಾಡುತ್ತಿವೆ.

ಇಲ್ಲೊಂದು ಸೂಕ್ಷ್ಮವಿದೆ. 2016ರ ಜೂನಿನಲ್ಲಿ ಅದೇ ಸಂಶೋಧನಾ ವಿಭಾಗ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು ಕುಡಿಯುವುದನ್ನೂ 2ಎ ಗುಂಪಿಗೇ ಸೇರಿಸಿತು. ಗ್ಲೈಫೋಸೇಟನ್ನು ಬಿಟ್ಟು ಕುದಿನೀರಿಗೆ ಹೋದ ಕೌನ್ಸಿಲ್ ಹೀಗೆ ಗುಂಪು ಬದಲಿಸಿಯೇ ಇಲ್ಲ ಎಂದು ತಾರ್ಕಿಕರು ವಾದಿಸಬಹುದು. ಚರಂಡಿಗೆ ಸುರಿದದ್ದನ್ನು ಯಾರೂ ಕುಡಿಯುವುದಿಲ್ಲ ಎಂಬುದು ಸಮಾಧಾನ. ಆದರೂ ಸಿಂಪಡಣೆ ನಿಲ್ಲಿಸಿ ಎಂದು ಅರ್ಜಿ ಬರೆಯಲು ಕೂತ ಕನ್ನಡಿಗ ಹಬೆಯಾಡುವ ಫಿಲ್ಟರ್ ಕಾಫಿಯ ಲೋಟವನ್ನು ಕಾಗದದಿಂದ ತುಸು ದೂರ ಸರಿಸಿಟ್ಟುಕೊಳ್ಳುವುದು ವಾದಕ್ಕೆ ಕ್ಷೇಮ.

2021ರಲ್ಲಿ ಪ್ರಾಧಿಕಾರ ಗ್ಲೈಫೋಸೇಟ್ ಬಗ್ಗೆ ಸಾರ್ವಜನಿಕರಿಂದ ಮಾಹಿತಿ ಕೇಳಿತು. 465 ಉತ್ತರಗಳು ಬಂದವು. 2024ರಲ್ಲಿ, ಮರುಪರಿಶೀಲನೆಗೆ ಸಾಕಾಗುವಷ್ಟು ಹೊಸ ಮಾಹಿತಿ ಇಲ್ಲವೆಂದು ಅದು ನಿರ್ಧರಿಸಿತು. ಆ ನಿರ್ಧಾರವನ್ನು ಪ್ರಶ್ನಿಸಿ ಪರಿಸರ ಕಾನೂನು ಸಂಘಟನೆಯೊಂದು ಹೈಕೋರ್ಟಿನ ಮೆಟ್ಟಿಲು ಹತ್ತಿತು.

೫. ಅಧಿಕಾರಿ ನಿರ್ಣಯ

ವಿಷ ನಿಲ್ಲಿಸುವ ಅಧಿಕಾರ ಯಾರಿಗೆ? ಕೌನ್ಸಿಲನ್ನು ಕೇಳಿದರೆ ವಸ್ತುವಿನ ಸುರಕ್ಷತೆ ಪ್ರಾಧಿಕಾರದ ವಿಷಯ ಎನ್ನುತ್ತದೆ. ಪ್ರಾಧಿಕಾರವನ್ನು ಕೇಳಿದರೆ, ನಾವು ಅನುಮತಿ ಕೊಟ್ಟಿದ್ದೇವೆ, ಬಳಸಲೇಬೇಕೆಂದು ಹೇಳಿಲ್ಲ ಎನ್ನುತ್ತದೆ. ಆಕ್ಲೆಂಡಿನಲ್ಲಿ ಕೌನ್ಸಿಲಿನ ಕೆಳಗೆ 21 ಸ್ಥಳೀಯ ಮಂಡಳಿಗಳಿವೆ. ರಾಸಾಯನಿಕ ಬೇಡವೆಂದರೆ ಹೆಚ್ಚಿನ ಖರ್ಚನ್ನು ಮಂಡಳಿಯೇ ಹೊಂದಿಸಿಕೊಳ್ಳಬೇಕು. ಆದ್ದರಿಂದ ಮಂಡಳಿ ಗ್ರಂಥಾಲಯ ಮುಖ್ಯವೋ ಕಳೆ ಮುಖ್ಯವೋ ಎಂದು ಕೇಳುತ್ತದೆ. ಅತ್ತ ಹಾರ್ಡ್‌ವೇರ್ ಅಂಗಡಿಯ ಕಪಾಟಿನಲ್ಲಿ ಅದೇ ದ್ರವ ಬಣ್ಣಬಣ್ಣದ ಬಾಟಲಿಗಳಲ್ಲಿ ಮಾರಾಟಕ್ಕಿರುತ್ತದೆ. ಕೌನ್ಸಿಲಿನ ಸಂಕಲ್ಪ ಕೌನ್ಸಿಲಿನ ನೆಲಕ್ಕೆ ಮಾತ್ರ. ಬೇಲಿಯ ಒಳಗೆ ಶನಿವಾರದ ಬೆಳಗ್ಗೆ ಯಜಮಾನ ಸರ್ವತಂತ್ರ ಸ್ವತಂತ್ರ.

ಇದಕ್ಕೆ ವಿರುದ್ಧ ಉದಾಹರಣೆ ಕೆನಡದಲ್ಲಿದೆ. ಕ್ವಿಬೆಕ್ ಪ್ರಾಂತ್ಯದ ಹಡ್ಸನ್ ಎಂಬ ಪುಟ್ಟ ಊರು 1991ರಲ್ಲಿ, ಅಂದಕ್ಕಾಗಿ ಮಾತ್ರ ಲಾನಿಗೆ ಸಿಂಪಡಿಸುವುದನ್ನು ಖಾಸಗಿ ಅಂಗಳಗಳಲ್ಲೂ ನಿಷೇಧಿಸಿತು. ಲಾನ್ ಸೇವೆಯ ಕಂಪನಿಗಳು ಮೊಕದ್ದಮೆ ಹೂಡಿದವು. 2001ರ ಜೂನಿನಲ್ಲಿ ಕೆನಡದ ಸುಪ್ರೀಂ ಕೋರ್ಟು ಊರಿನ ಪರ ತೀರ್ಪಿತ್ತಿತು. 2009ರಲ್ಲಿ ಒಂಟಾರಿಯೊ ಪ್ರಾಂತ್ಯವೇ ಅದೇ ದಾರಿ ಹಿಡಿಯಿತು. ಹಡ್ಸನ್ನಿನ ಬೆಳಕಿನಲ್ಲಿ ನೋಡಿದರೆ ನ್ಯೂಜಿಲೆಂಡಿನ ಅಧಿಕಾರಿ ನಿರ್ಣಯ ಒಂದು ಸುತ್ತು ನಡಿಗೆ. ಎಲ್ಲಿಂದ ಹೊರಟರೂ ಪ್ರತಿ ಬಾಗಿಲಲ್ಲೂ ಮುಂದಿನ ಬಾಗಿಲಿನ ವಿಳಾಸ ಸಿಗುತ್ತದೆ.

೬. ವಿಧಿ

ಅಭಿಪ್ರಾಯ ಕೇಳುವ ವಿಧಿ 2002ರ ಸ್ಥಳೀಯ ಸರ್ಕಾರ ಕಾಯ್ದೆಯಲ್ಲಿದೆ. ವಿಶೇಷ ಕ್ರಮ ಅನುಸರಿಸುವಾಗ ಕನಿಷ್ಠ ಒಂದು ತಿಂಗಳ ಕಾಲಾವಕಾಶ ಕೊಡಬೇಕು, ಖುದ್ದಾಗಿ ಹೇಳಲು ಅವಕಾಶ ಇರಬೇಕು. ಬಂದ ಅಭಿಪ್ರಾಯವನ್ನು ತೆರೆದ ಮನಸ್ಸಿನಿಂದ ಸ್ವೀಕರಿಸಬೇಕೆಂಬುದೂ ಕಾಯ್ದೆಯಲ್ಲೇ ಇದೆ. ಮನಸ್ಸು ಎಷ್ಟು ಗಂಟೆಯವರೆಗೆ ತೆರೆದಿರಬೇಕೆಂದು ಹೇಳಿಲ್ಲ.

ಬರುವ ಪತ್ರಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು. ಒಂದೇ ಒಕ್ಕಣೆಯಲ್ಲಿ ನೂರಾರು ಸಹಿಯೊಂದಿಗೆ ಬರುವುದು ಸಮೂಹಪತ್ರ. ಪ್ರತಿ ಕಿಲೋಮೀಟರಿಗೆ ಡಾಲರು ಎಷ್ಟೆಂದು ದಶಮಾಂಶ ಸಹಿತ ತೋರಿಸುವುದು ಗಣಿತಪತ್ರ. ಪಕ್ಕದ ಮನೆಯವರನ್ನು ಹೆಸರಿಸದೆ ಗುರುತಿಸುವುದು ಸೂಚ್ಯಪತ್ರ. ಕೊನೆಯದು ವಿಷಯಾಂತರಪತ್ರ, ಕಳೆಯಿಂದ ಹೊರಟು ಫುಟ್‌ಪಾತಿನ ಬಿರುಕು, ಬಸ್ಸಿನ ವೇಳಾಪಟ್ಟಿಗಳ ಮೂಲಕ ಮೇಯರರ ರಾಜೀನಾಮೆಗೆ ತಲುಪುತ್ತದೆ. ಫುಟ್‌ಪಾತಿನ ಬಿರುಕು ಮುಚ್ಚಿದರೆ ಅರ್ಧ ಕಳೆ ಹುಟ್ಟುವುದೇ ಇಲ್ಲ ಎಂಬ ಮಾತು ಇರುವುದೂ ಸಾಮಾನ್ಯವಾಗಿ ಇದರಲ್ಲೇ. ವಿಷಯಾಂತರವಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

೭. ದೃಷ್ಟಾಂತಗಳು

2010ರ ನವೆಂಬರ್ 1ರಂದು ಎಂಟು ಕೌನ್ಸಿಲುಗಳು ಸೇರಿ ಒಂದೇ ಆಕ್ಲೆಂಡ್ ಕೌನ್ಸಿಲ್ ಆಯಿತು. ಹಳೆಯ ನಗರ ಮತ್ತು ನಾರ್ತ್ ಶೋರ್ ಭಾಗಗಳಲ್ಲಿ ಕುದಿನೀರು, ಸಸ್ಯಜನ್ಯ ದ್ರವಗಳ ಅಭ್ಯಾಸವಿತ್ತು. ಉಳಿದ ಹಲವೆಡೆ ಗ್ಲೈಫೋಸೇಟ್. 2013ರ ಕಳೆ ನಿರ್ವಹಣಾ ನೀತಿ ರಾಸಾಯನಿಕ ಬಳಕೆಯನ್ನು ಆದಷ್ಟು ತಗ್ಗಿಸುವ ಗುರಿ ಹಾಕಿಕೊಂಡಿತು. ಮುಂದೆ ನಾರ್ತ್ ಶೋರಿನಲ್ಲಿ ಕುದಿನೀರಿನ ಲಾರಿ ನಿಂತು ಗ್ಲೈಫೋಸೇಟ್ ಬಂತು. ‘ಆದಷ್ಟು’ ಎಂಬ ಪದಕ್ಕೆ ಭಾಷ್ಯ ಬರೆಯುವ ಹಕ್ಕು ನೀತಿ ಬರೆದವರಿಗಲ್ಲ, ಗುತ್ತಿಗೆ ಬರೆದವರಿಗೆ ಎಂಬುದು ಇಲ್ಲಿಂದ ಸಿದ್ಧವಾಗುತ್ತದೆ.

ಕ್ರೈಸ್ಟ್‌ಚರ್ಚ್ 2016ರಲ್ಲಿ ಧೈರ್ಯ ಮಾಡಿತು. ಜನ ಓಡಾಡುವ ಜಾಗಗಳಲ್ಲಿ ಗ್ಲೈಫೋಸೇಟ್ ಬಳಕೆಯನ್ನು ಕಡಿತಗೊಳಿಸಲು ಕೌನ್ಸಿಲ್ ನಿರ್ಧರಿಸಿತು. ಜನರ ಮೊದಲನೆಯ ಬೇಡ ನಡೆಯಿತು. ಬೇಸಿಗೆ ಬಂತು, ಚರಂಡಿಯಂಚು ಹಸಿರಾಯಿತು, ಕೌನ್ಸಿಲಿಗೆ ದೂರುಗಳು ಬರತೊಡಗಿದವು: ಊರು ಗಲೀಜಾಗಿದೆ, ತೆರಿಗೆ ಯಾತಕ್ಕೆ ಕಟ್ಟುವುದು? ಎರಡನೆಯ ಬೇಡ ಮತ್ತು ಮೂರನೆಯ ಬೇಡ ಒಂದೇ ವಾಕ್ಯದಲ್ಲಿ ಹಾಜರಾದವು. ಪ್ರತಿಜ್ಞೆ ಸಾಧಿತವಾಯಿತು.

೮. ಅಭಿಪ್ರಾಯ ಕೇಳದ ಪಕ್ಷ

ಇಷ್ಟು ಹೊತ್ತು ಕಾಗದಪತ್ರಗಳನ್ನು ಅಣಕಿಸಿದ ಪ್ರಬಂಧ ಇಲ್ಲಿ ಸ್ವಲ್ಪ ದನಿ ಬದಲಿಸಬೇಕಾಗಿದೆ. ಕಾಸರಗೋಡಿನ ಎಣ್ಮಕಜೆ, ಪಡ್ರೆಯ ಗುಡ್ಡಗಳ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಕೆಳಗೆ ಮನೆಗಳಿದ್ದವು, ಕುಡಿಯುವ ನೀರಿನ ಸುರಂಗಗಳಿದ್ದವು, ತೋಡುಗಳಿದ್ದವು. ನಾಲ್ಕು ವರ್ಗಗಳ ಯಾವ ಪತ್ರವನ್ನೂ ಯಾರೂ ಕೇಳಿರಲಿಲ್ಲ. ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆದದ್ದು 2011ರ ಮೇ 13ರಂದು. ನ್ಯೂಜಿಲೆಂಡ್ ಅದೇ ವಿಷವನ್ನು 2009ರ ಜನವರಿಯಲ್ಲಿ ನಿಷೇಧಿಸಿತ್ತು. ಅಲ್ಲಿ ಬೆಳೆಗಳಿಗಲ್ಲದೆ, ಆಟದ ಮೈದಾನದ ಹುಲ್ಲು ಮಟ್ಟಸವಾಗಿರಲೆಂದು ಎರೆಹುಳು ಕೊಲ್ಲಲೂ ಅದನ್ನು ಬಳಸುತ್ತಿದ್ದರು. ಒಂದು ತಿಂಗಳ ಗಡುವು, ಕೆಲವು ನಿಮಿಷಗಳ ಭಾಷಣ, ಮಂಡಳಿಯ ಆಕಳಿಕೆ ಇವೆಲ್ಲ ನಗೆಪಾಟಲಾಗಿ ಕಾಣುವುದು ಅವು ಇರುವ ಊರಿನಲ್ಲಿ ಮಾತ್ರ.

೯. ಮುಂದಿನ ಸಂಶೋಧಕರಿಗೆ

ಕೆಲವು ಪ್ರಶ್ನೆಗಳು ಬಾಕಿ ಇವೆ. ಲಾರಿಯಲ್ಲಿ ಕುದಿದ ನೀರು ಉದ್ದನೆಯ ಕೊಳವೆ ದಾಟಿ ಕಳೆಗೆ ಮುಟ್ಟುವಾಗ ಎಷ್ಟು ಬಿಸಿ ಇರುತ್ತದೆ? ‘ಸಿಂಪಡಿಸಬೇಡಿ’ ಪಟ್ಟಿಯಲ್ಲಿ ಹೆಸರಿರುವ ಮನೆ ಮಾರಾಟವಾದರೆ, ಕೀಳುವ ಪ್ರತಿಜ್ಞೆ ಹೊಸ ಮಾಲೀಕರಿಗೆ ವರ್ಗವಾಗುತ್ತದೆಯೇ?

ಕನ್ನಡ ವಿದ್ವಾಂಸರಿಗೆ ಮೀಸಲಿಟ್ಟ ಪ್ರಶ್ನೆ ಇನ್ನೊಂದಿದೆ. ನ್ಯೂಜಿಲೆಂಡಿನಲ್ಲಿ ‘ಇಂಡಿಯನ್ ದೂಬ್’ ಎಂದು ಕರೆಯುವ ಕಳೆ ಆಕ್ಲೆಂಡಿನ ಫುಟ್‌ಪಾತಿನ ಬಿರುಕುಗಳಲ್ಲಿ ಹಬ್ಬುತ್ತದೆ. ಅದು ನಮ್ಮ ಗರಿಕೆಯೇ. ಗಣೇಶ ಚತುರ್ಥಿ ಸಾಮಾನ್ಯವಾಗಿ ಬರುವ ಸೆಪ್ಟೆಂಬರ್ ಅಲ್ಲಿ ವಸಂತದ ಆರಂಭ. ಚಳಿಗೆ ಕಂದಿದ ಗರಿಕೆ ಆಗಷ್ಟೇ ಚಿಗುರುತ್ತಿರುತ್ತದೆ, ಸಿಂಪಡಿಸುವ ಗಾಡಿಯೂ ಆಗಷ್ಟೇ ಹೊರಡುತ್ತದೆ. ಮಗಳ ಬಾಣಂತನಕ್ಕೆಂದು ಬಂದ ತಾಯಿ ಇಪ್ಪತ್ತೊಂದು ಗರಿಕೆ ಹುಡುಕಿಕೊಂಡು ಬೆಳಗ್ಗೆ ಬರ್ಮಿಗೆ ಇಳಿಯುತ್ತಾರೆ. ಕೌನ್ಸಿಲಿಗೆ ಫೋನು ಮಾಡಿ ಸಿಂಪಡಣೆಯ ದಿನಾಂಕ ವಿಚಾರಿಸುವುದು ಸಂಕಲ್ಪಕ್ಕೆ ಮೊದಲೋ, ಕಲಶ ಪೂಜೆಯ ನಂತರವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪಂಡಿತರು ತಮ್ಮ ಅಭಿಪ್ರಾಯಗಳನ್ನು ಒಂದು ತಿಂಗಳೊಳಗೆ ಲಿಖಿತವಾಗಿ ಸಲ್ಲಿಸಬಹುದು; ಖುದ್ದಾಗಿ ಹೇಳಲಿಚ್ಛಿಸುವವರು ಅರ್ಜಿಯ ಕೊನೆಯ ಚೌಕದಲ್ಲಿ ಗುರುತು ಹಾಕಬೇಕು.